ಕುಡಿತ ಬಿಟ್ಟವರ ಸಂಜೆ ಆರು ಗಂಟೆ

ಮದ್ಯವರ್ಜನ ಶಿಬಿರದ ಕೊನೆಯ ದಿನ ಸಮುದಾಯ ಭವನದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಎಂಟು ದಿನ ಕುಡಿಯದೆ ಕಳೆದ ಗಂಡಸರು ಸಾಲಾಗಿ ಕುಳಿತಿರುತ್ತಾರೆ. ಎದುರಿಗೆ ಹೆಂಡತಿ, ಮಕ್ಕಳು, ಕೋಲೂರಿಕೊಂಡು ಬಂದ ತಾಯಿ. ಭಾಷಣ, ಹಾರ, ಕಣ್ಣೀರು, ಊಟ, ಒಂದು ಫೋಟೊ. ಮರುದಿನ ಊರಿಡೀ ಒಂದೇ ಸುದ್ದಿ: ಬಿಟ್ಟನಂತೆ. ಅವನೂ ಬೆಳಿಗ್ಗೆ ಬೇಗ ಎದ್ದು ತೋಟಕ್ಕೊಂದು ಸುತ್ತು ಹಾಕಿ ಬರುತ್ತಾನೆ. ಮಧ್ಯಾಹ್ನದ ಊಟ ಸೇರುತ್ತದೆ. ಆಮೇಲೆ ಸಂಜೆ ಆರಾಗುತ್ತದೆ.

ಹೊಸನಗರದ ಕಡೆಯ ಕೊನೆಗಾರರೊಬ್ಬರು, ಅಂದರೆ ಅಡಿಕೆ ಮರ ಹತ್ತಿ ಗೊನೆ ಇಳಿಸುವವರು, ತಮ್ಮ ಅಂಥ ಮೊದಲ ಸಂಜೆಯ ಕಥೆಯನ್ನು ನನಗೆ ಹೇಳಿದ್ದರು. ಕುಡಿಯುವ ಆಸೆ ಅಷ್ಟೇನೂ ಇರಲಿಲ್ಲವಂತೆ. ಆದರೆ ಇಪ್ಪತ್ತು ವರ್ಷ ಆ ಹೊತ್ತಿಗೆ ಪೇಟೆಯ ದಾರಿ ಹಿಡಿದು ರೂಢಿಯಾದ ಕಾಲು ತಾನಾಗಿ ಎದ್ದು ನಿಂತಿತು. ಜಗಲಿ ಇಳಿದು ಚಪ್ಪಲಿ ಮೆಟ್ಟಿದರು, ಬಿಟ್ಟರು, ಮತ್ತೆ ಮೆಟ್ಟಿದರು. ಮೂರನೆಯ ಸಲ ಒಳಗಿನಿಂದ ಹೆಂಡತಿ ಎಲ್ಲಿಗೆ ಎಂದು ಕೇಳಿದಾಗ ಅವರ ಬಳಿ ಉತ್ತರವೇ ಇರಲಿಲ್ಲ.

ಕುಡಿತ ಬಿಡುವುದು ಹೇಗೆಂದು ಹೇಳುವವರು ಬಹಳ ಮಂದಿ ಇದ್ದಾರೆ. ಬಿಟ್ಟ ಮೇಲೆ ಮೊದಲ ಐದಾರು ತಿಂಗಳು ದಿನವನ್ನು ಯಾವುದರಿಂದ ತುಂಬುವುದು ಎಂಬ ಪ್ರಶ್ನೆ ಮಾತ್ರ ಮನೆಯವರ ಪಾಲಿಗೇ ಉಳಿಯುತ್ತದೆ. ಹೋಬಳಿಯಲ್ಲಿ ಒಂದು ಶಿಬಿರ ಮುಗಿದರೆ ಹತ್ತಾರು ಮನೆಗಳಲ್ಲಿ ಒಂದೇ ವಾರ ಏಳುವ ಪ್ರಶ್ನೆ ಇದು.

ಮೊದಲು ಕೆಲವು ಪದಗಳು

ಚಟ ಎಂಬ ಮಾತನ್ನು ನಾವು ಕಾಫಿಗೂ ಬಳಸುತ್ತೇವೆ, ಇಸ್ಪೀಟಿಗೂ ಬಳಸುತ್ತೇವೆ. ವೈದ್ಯರು ಬಳಸುವ ಪದ ಅವಲಂಬನೆ. ಅಮಲೇರಲು ಬೇಕಾಗುವ ಪ್ರಮಾಣ ಹೆಚ್ಚುತ್ತ ಹೋಗುವುದು, ಶುರು ಮಾಡಿದ ಮೇಲೆ ನಿಲ್ಲಿಸಲಾಗದಿರುವುದು, ಕುಡಿಯದಿದ್ದರೆ ಕೈ ನಡುಗುವುದು, ನಷ್ಟ ಕಣ್ಣೆದುರೇ ಇದ್ದರೂ ಬಿಡಲಾಗದಿರುವುದು ಇದರ ಗುರುತುಗಳು. ಕುಡಿತ ನಿಲ್ಲಿಸಿದಾಗ ದೇಹ ತೋರಿಸುವ ಪ್ರತಿಭಟನೆಗೆ ಹಿಂತೆಗೆತ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಇದನ್ನೇ ವಿತ್‌ಡ್ರಾವಲ್ ಎನ್ನುವುದು. ಇದ್ದಕ್ಕಿದ್ದಂತೆ ಕುಡಿಯಲೇಬೇಕೆಂದು ಎದ್ದು ಬರುವ ಸೆಳೆತ ತುಡಿತ. ಬಿಟ್ಟವರು ಮತ್ತೆ ಹಳೆಯ ಲಯಕ್ಕೆ ಮರಳುವುದು ಮರುಕಳಿಕೆ.

ದೆಹಲಿಯ ಅಖಿಲ ಭಾರತ ವೈದ್ಯಕೀಯ ಸಂಸ್ಥೆ ಕೇಂದ್ರ ಸರ್ಕಾರಕ್ಕಾಗಿ ನಡೆಸಿದ, 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ 5.7 ಕೋಟಿ ಜನ ಯಾರದಾದರೂ ನೆರವು ಬೇಕಾಗುವಷ್ಟು ತೊಂದರೆಯಲ್ಲಿದ್ದಾರೆ. ಅವಲಂಬನೆ ಇರುವ 38 ಮಂದಿಯಲ್ಲಿ ಯಾವುದಾದರೊಂದು ಬಗೆಯ ಚಿಕಿತ್ಸೆ ಸಿಕ್ಕಿದ್ದು ಒಬ್ಬರಿಗೆ. ಉಳಿದ 37 ಮಂದಿ ತಾವಾಗಿ ಬಿಡಲು ನೋಡುತ್ತಾರೆ, ಇಲ್ಲವೇ ನೋಡುವುದೇ ಇಲ್ಲ.

ಮೊದಲ ವಾರ ಛಲದ ಕೆಲಸವಲ್ಲ

ದಿನದ ಹೊಂದಾಣಿಕೆಯ ಮಾತಿಗೆ ಮೊದಲು ಜೀವದ ಮಾತು. ಘಾಟಿ ಹತ್ತುವ ಲಾರಿಯ ಬ್ರೇಕಿನ ಮೇಲೆ ಯಾರೋ ಸದಾ ಕಾಲಿಟ್ಟಿದ್ದಾರೆ ಎಂದುಕೊಳ್ಳಿ. ಲಾರಿ ನಿಲ್ಲಬಾರದೆಂದು ಚಾಲಕ ಎಕ್ಸಲರೇಟರನ್ನು ಇನ್ನಷ್ಟು ಒತ್ತುತ್ತಾನೆ. ವರ್ಷಗಟ್ಟಲೆ ಹೀಗೇ ಓಡುತ್ತದೆ. ಒಂದು ದಿನ ಬ್ರೇಕಿನ ಮೇಲಿನ ಕಾಲನ್ನು ಒಮ್ಮೆಲೇ ಎತ್ತಿದರೆ ಆಗುಂಬೆಯ 14 ತಿರುವುಗಳಲ್ಲಿ ಒಂದರಲ್ಲಾದರೂ ಅದು ಕೈಮೀರುತ್ತದೆ. ಮದ್ಯ ಮಿದುಳಿಗೆ ಬ್ರೇಕ್ ಇದ್ದ ಹಾಗೆ, ನರಗಳನ್ನು ಮಂದಗೊಳಿಸುತ್ತದೆ. ಅದಕ್ಕೆ ಎದುರಾಗಿ ಮಿದುಳು ತನ್ನ ವೇಗವನ್ನು ಏರಿಸಿಕೊಂಡಿರುತ್ತದೆ. ಮದ್ಯ ನಿಂತ ಮೇಲೂ ಆ ವೇಗ ಕೆಲವು ದಿನ ಇಳಿಯುವುದಿಲ್ಲ.

ಕೊನೆಯ ಗುಟುಕಿನ ನಂತರ ಆರರಿಂದ ಹನ್ನೆರಡು ಗಂಟೆಯೊಳಗೆ ನಡುಕ, ಬೆವರು, ಚಡಪಡಿಕೆ ಶುರುವಾಗುತ್ತದೆ. ಕೆಲವರಿಗೆ 48 ಗಂಟೆಯೊಳಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿದಂತಾಗುತ್ತದೆ: ಇಲ್ಲದ್ದು ಕಾಣುತ್ತದೆ, ಮನೆಯವರ ಗುರುತು ತಪ್ಪುತ್ತದೆ, ಜ್ವರ ಏರುತ್ತದೆ. ಇದನ್ನು ದೆವ್ವದ ಕಾಟವೆಂದು ಅಂತ್ರ ಕಟ್ಟಿಸಿದವರೂ ಇದ್ದಾರೆ. ಚಿಕಿತ್ಸೆ ಸಿಗದಿದ್ದರೆ ಸಾವೂ ಸಂಭವಿಸಬಹುದು. ಆದ್ದರಿಂದ ದಿನವೂ ಹೆಚ್ಚು ಕುಡಿಯುತ್ತಿದ್ದವರು, ಬೆಳಿಗ್ಗೆ ಎದ್ದ ಕೂಡಲೇ ಬೇಕಾಗುತ್ತಿದ್ದವರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿದ್ದವರು ವೈದ್ಯರನ್ನು ಕಾಣದೆ ದಿಢೀರನೆ ನಿಲ್ಲಿಸಬಾರದು. ವೈದ್ಯರು ನಡುಕಕ್ಕೂ ಫಿಟ್ಸ್ ತಡೆಗೂ ಕೆಲವು ದಿನದ ಮಾತ್ರೆ ಕೊಡುತ್ತಾರೆ. ಕುಡಿತದಿಂದ ಬರಿದಾದ ಬಿ1 ಜೀವಸತ್ವವನ್ನು, ಅಂದರೆ ಥಯಾಮಿನ್ ಅನ್ನು ಕೊಡುತ್ತಾರೆ. ಅದರ ಕೊರತೆ ಹೆಚ್ಚಾದರೆ ನೆನಪಿನ ಶಕ್ತಿಗೇ ಶಾಶ್ವತ ಪೆಟ್ಟು ಬೀಳಬಹುದು.

ನಮ್ಮ ಕಡೆಗೆ ಇನ್ನೊಂದು ಮಾತನ್ನು ಸೇರಿಸಲೇಬೇಕು. ಬಿಟ್ಟ ಹೊಸತರಲ್ಲಿ ಕೊನೆಗಾರರು ಮರ ಹತ್ತಬಾರದು. ಒಂದು ಅಡಿಕೆ ಮರದ ತುದಿಯಿಂದ ಇನ್ನೊಂದಕ್ಕೆ ತೂಗಿಕೊಂಡು ದಾಟುವವನ ಕೈ ನಡುಗಿದರೆ, ಅಲ್ಲೇ ಫಿಟ್ಸ್ ಬಂದರೆ ಕೆಳಗೆ ಹಗ್ಗ ಹಿಡಿದವನು ಏನೂ ಮಾಡಲಾರ. ವೈದ್ಯರು ಸರಿ ಎನ್ನುವವರೆಗೆ ಹಗ್ಗ ಹಿಡಿಯುವ ಕೆಲಸ, ಗೊನೆ ಹೊರುವ ಕೆಲಸ ಸಾಕು. ಕೂಲಿ ಕಡಿಮೆ ಬರುತ್ತದೆ, ಬರಲಿ.

ಎಲ್ಲವೂ ಸಪ್ಪೆ ಏಕೆ?

ನಡುಕ ನಿಂತಿತು, ಊಟ ಸೇರಿತು, ಮುಖಕ್ಕೆ ಕಳೆ ಬಂತು. ಆದರೆ ಮನುಷ್ಯ ಮಂಕು. ಯಾವುದರಲ್ಲೂ ರುಚಿಯಿಲ್ಲ. ಕುಡಿಯುತ್ತಿದ್ದಾಗಲೇ ಚೆನ್ನಾಗಿ ಮಾತಾಡುತ್ತಿದ್ದರಪ್ಪ ಎಂದು ಮಕ್ಕಳೂ ಹೇಳುವ ಮಟ್ಟಕ್ಕೆ. ಮನೆಯವರು ಇದನ್ನು ಸಿಟ್ಟೆಂದೋ ಸೋಮಾರಿತನವೆಂದೋ ತಿಳಿಯುತ್ತಾರೆ. ಇದಕ್ಕೂ ದೇಹದಲ್ಲೇ ಕಾರಣವಿದೆ.

ಮಳೆಗಾಲದಲ್ಲಿ ಜೋಗದ ಅಂಚಿನಲ್ಲಿ ನಿಂತರೆ ಪಕ್ಕದವರ ಮಾತು ಕೇಳುವುದಿಲ್ಲ. ಅಲ್ಲಿಂದ ಈಚೆ ಬಂದ ಮೇಲೂ ಸ್ವಲ್ಪ ಹೊತ್ತು ಕಿವಿ ಗುಂಯ್‌ಗುಡುತ್ತದೆ. ಸಣ್ಣ ಸದ್ದು ಒಳಗಿಳಿಯುವುದಿಲ್ಲ. ನಮಗೆ ಇಷ್ಟವಾದದ್ದು ಸಿಕ್ಕಾಗ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಒಸರುತ್ತದೆ. ಬಿಸಿ ಕಡುಬು, ಮೊಮ್ಮಗುವಿನ ನಗು, ಅಡಿಕೆಗೆ ಬಂದ ಒಳ್ಳೆಯ ಧಾರಣೆ ಎಲ್ಲಕ್ಕೂ ಅದು ಸಣ್ಣ ಸಣ್ಣ ಹನಿ. ಮದ್ಯ ತರುವುದು ಜಲಪಾತ. ದಿನವೂ ಜಲಪಾತದ ಕೆಳಗೆ ನಿಂತ ಮಿದುಳು ತನ್ನ ಕಿವಿಯನ್ನು ಮುಚ್ಚಿಕೊಂಡು ಹೊಂದಿಕೊಳ್ಳುತ್ತದೆ. ಜಲಪಾತ ನಿಂತ ಮೇಲೆ ಹನಿಯ ಸದ್ದು ಮತ್ತೆ ಕೇಳಲು ವಾರಗಳು ಬೇಕು, ಕೆಲವರಿಗೆ ತಿಂಗಳುಗಳು.

ನಿದ್ದೆಯದೂ ಇದೇ ಕಥೆ. ಕುಡಿದರೆ ಬೇಗ ನಿದ್ದೆ ಬರುತ್ತದೆ ನಿಜ, ಆದರೆ ರಾತ್ರಿಯ ಎರಡನೆಯ ಅರ್ಧ ಒಡೆದು ಚೂರಾಗುತ್ತದೆ. ಬಿಟ್ಟ ಮೇಲೆ ಮೊದಲ ವಾರಗಳಲ್ಲಿ ನಿದ್ದೆ ಬರಲು ಒದ್ದಾಟ, ಬಂದರೆ ಕಣ್ಣಿಗೆ ಕಟ್ಟುವಂಥ ಕನಸುಗಳು. ಕನಸಿನಲ್ಲೇ ಕುಡಿದು, ಎದ್ದು, ತಪ್ಪು ಮಾಡಿದವರಂತೆ ಹಾಸಿಗೆಯಲ್ಲಿ ಕುಳಿತುಕೊಳ್ಳುವವರು ಬಹಳ ಜನ. ಅದು ಸೋಲಿನ ಸೂಚನೆಯಲ್ಲ, ಸಾಮಾನ್ಯ ಸಂಗತಿ.

ಸಿಹಿಯ ಹಪಹಪಿಗೂ ಲೆಕ್ಕವಿದೆ. 180 ಮಿ.ಲೀ. ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೊಹಾಲ್ ಇರುತ್ತದೆ. ಗ್ರಾಮಿಗೆ 7 ಕ್ಯಾಲೊರಿಯಂತೆ ಒಂದು ಕ್ವಾರ್ಟರಿಗೆ 400 ಕ್ಯಾಲೊರಿ ದಾಟುತ್ತದೆ. ದಿನವೂ ಬರುತ್ತಿದ್ದ ಅಷ್ಟು ಶಕ್ತಿ ನಿಂತಾಗ ದೇಹ ಬೇರೆ ಕಡೆ ಹುಡುಕುತ್ತದೆ. ಸಕ್ಕರೆ ಕಾಯಿಲೆ ಇಲ್ಲದವರು ಸಂಜೆಗೆ ಒಂದಚ್ಚು ಬೆಲ್ಲ, ಹುರಿದ ಶೇಂಗಾ ಇಟ್ಟುಕೊಂಡರೆ ನಷ್ಟವೇನಿಲ್ಲ. ಬಂದವರಿಗೆ ಬೆಲ್ಲ ನೀರು ಕೊಡುವ ಊರು ನಮ್ಮದು, ಇದನ್ನು ಹೊಸದಾಗಿ ಕಲಿಯಬೇಕಿಲ್ಲ.

ಬಾಟಲಿ ಮಾಡುತ್ತಿದ್ದ ಕೆಲಸಗಳು

ಇಲ್ಲಿಯವರೆಗಿನದು ದೇಹದ ಮಾತು. ಆ ಕೊನೆಗಾರರು ಚಪ್ಪಲಿ ಮೆಟ್ಟಿ ಬಿಟ್ಟದ್ದಕ್ಕೆ ಕಾರಣ ಬೇರೆಯೇ ಇದೆ.

ಕುಡಿತ ಹಾಳು ಮಾಡಿದ್ದನ್ನು ನಾವು ಪಟ್ಟಿ ಮಾಡುತ್ತೇವೆ. ಅದು ಮಾಡಿಕೊಡುತ್ತಿದ್ದ ಕೆಲಸಗಳನ್ನು ಪಟ್ಟಿ ಮಾಡುವುದಿಲ್ಲ, ಮಾಡಿದರೆ ಹೊಗಳಿದಂತಾದೀತೆಂಬ ಭಯ. ಆದರೆ ಆ ಪಟ್ಟಿ ಇಲ್ಲದೆ ಬಿಟ್ಟವರ ದಿನ ಅರ್ಥವಾಗದು. ಬಾಟಲಿ ಅವರಿಗೆ ಗಡಿಯಾರವಾಗಿತ್ತು: ಕೆಲಸ ಎಲ್ಲಿ ಮುಗಿಯುತ್ತದೆ, ಸಂಜೆ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಅದು ಹೇಳುತ್ತಿತ್ತು. ದಿನವಿಡೀ ಬಗ್ಗಿದ ಬೆನ್ನಿಗೆ ಅದೇ ಬಹುಮಾನ. ಜೊತೆಗೆ ಕೂರುವ ನಾಲ್ಕು ಜನರನ್ನು ಅದು ದೊರಕಿಸಿಕೊಟ್ಟಿತ್ತು. ಆ ನಾಲ್ವರು ಒಳ್ಳೆಯವರೋ ಕೆಟ್ಟವರೋ ಎಂಬುದು ಆಮೇಲಿನ ಮಾತು, ಬಾ ಕೂತುಕೋ ಎನ್ನುವವರಂತೂ ಆಗಿದ್ದರು. ಕೊಳೆ ರೋಗಕ್ಕೆ ಅಡಿಕೆ ಉದುರಿದ ವರ್ಷ, ಸಾಲದ ನೋಟಿಸು ಬಂದ ರಾತ್ರಿ ಹೊದ್ದುಕೊಳ್ಳಲು ಅದೇ ಕಂಬಳಿ. ಹೊತ್ತಿಗೆ ಮುಂಚೆ ಬಾಯಿ ಬಿಡದ ಗಂಡಸಿಗೆ ಅಳಲು, ಹಾಡಲು, ತನ್ನಪ್ಪನನ್ನು ಬಯ್ಯಲು ಸಿಗುತ್ತಿದ್ದ ಅನುಮತಿಯೂ ಅದೇ.

ಹೊತ್ತಿನ ಲೆಕ್ಕ ಹಾಕಿದರೆ ಇನ್ನೂ ಸ್ಪಷ್ಟ. ಸಂಜೆ ಆರರಿಂದ ಹತ್ತು ಎಂದು ಹಿಡಿದರೂ ವಾರಕ್ಕೆ 28 ಗಂಟೆ. ಭಾನುವಾರದ ಮಧ್ಯಾಹ್ನ, ಸಂತೆಯ ದಿನ, ಬೆಳಿಗ್ಗೆ ತಲೆ ಎತ್ತಲಾಗದೆ ಮಲಗಿದ ಹೊತ್ತು ಇವನ್ನೆಲ್ಲ ಸೇರಿಸಿದರೆ ಕಚೇರಿ ನೌಕರರ ವಾರದ ದುಡಿಮೆಯ ಹತ್ತಿರ ಬರುತ್ತದೆ. ಕುಡಿತ ಬಿಟ್ಟವರು ಒಂದು ರೀತಿಯಲ್ಲಿ ನೌಕರಿ ಕಳೆದುಕೊಂಡವರು.

ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಸಾರಾಯಿ ಅಂಗಡಿಗಳು ಮುಚ್ಚಿದವು, ಸಂಜೆಗಳು ಮುಚ್ಚಲಿಲ್ಲ. ಸಾರಾಯಿ ಇದ್ದ ಜಾಗಕ್ಕೆ ಅಗ್ಗದ ವಿಸ್ಕಿಯ ಪ್ಯಾಕೆಟ್ ಬಂತು. ಒಬ್ಬ ಮನುಷ್ಯನ ದಿನದೊಳಗೂ ಹೀಗೇ ಆಗುತ್ತದೆ. ತೆಗೆದ ಜಾಗಕ್ಕೆ ಇನ್ನೇನನ್ನೂ ಇಡದಿದ್ದರೆ ಹಳೆಯದೇ ಬೇರೆ ಹೆಸರಿನಲ್ಲಿ ಬಂದು ಕೂರುತ್ತದೆ.

ಗೂಟ ಹೊಡೆಯುವುದು

ಹಸುವನ್ನು ಮೇಯಲು ಬಿಡುವಾಗ ಗೂಟ ಹೊಡೆದು ಹಗ್ಗ ಕಟ್ಟುತ್ತೇವೆ. ಗೂಟ ಒಂದೇ, ಆದರೆ ಹಸು ಮೇಯುವ ಇಡೀ ವೃತ್ತವನ್ನು ಅದು ನಿರ್ಧರಿಸುತ್ತದೆ. ಬಿಟ್ಟ ಹೊಸತರ ದಿನಕ್ಕೂ ಬೇಕಾದದ್ದು ಇಂಥ ಮೂರು ನಾಲ್ಕು ಗೂಟಗಳು. ಬೆಳಿಗ್ಗೆ ಐದಕ್ಕೆದ್ದು ಯೋಗ, ಏಳಕ್ಕೆ ಪ್ರಾಣಾಯಾಮ, ಎಂಟಕ್ಕೆ ಧ್ಯಾನ ಎಂದು ಗೋಡೆಗೆ ವೇಳಾಪಟ್ಟಿ ಅಂಟಿಸಿದವರ ಪಟ್ಟಿ ಎರಡನೆಯ ವಾರಕ್ಕೆ ಹರಿದಿರುವುದನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ.

ಏಳುವ ಹೊತ್ತು ಒಂದು ಗೂಟ. ನಿದ್ದೆ ಬಂದಿರಲಿ, ಬಾರದಿರಲಿ, ಏಳುವುದು ಅದೇ ಹೊತ್ತಿಗೆ. ಕೆಲವು ವಾರದಲ್ಲಿ ರಾತ್ರಿಯ ನಿದ್ದೆ ತಾನಾಗಿ ಅದಕ್ಕೆ ಹೊಂದಿಕೊಳ್ಳುತ್ತದೆ. ಊಟದ ಹೊತ್ತು ಇನ್ನೊಂದು. ಮೂರನೆಯದು ಸಂಜೆ ಆರು ಗಂಟೆ, ಅದಕ್ಕೆ ಆಮೇಲೆ ಬರುತ್ತೇನೆ. ಇವು ರೂಢಿಯಾಗಲು ಎಷ್ಟು ದಿನ ಬೇಕು? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರಿಗೆ ದಿನವೂ ಮಾಡುವ ಒಂದು ಸಣ್ಣ ಹೊಸ ಅಭ್ಯಾಸ ಹಚ್ಚಿ ನೋಡಿದಾಗ ಅದು ಯೋಚಿಸದೆ ನಡೆಯುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕೆಂಬ ಅಂದಾಜು ಬಂತು. ನಡುವೆ ಒಂದು ದಿನ ತಪ್ಪಿದರೆ ಇಡೀ ಅಭ್ಯಾಸವೇನೂ ಕೆಡಲಿಲ್ಲ. ಮಂಡಲ ಎಂದರೆ 48 ದಿನ ಎಂದು ನಮ್ಮ ಹಿರಿಯರು ಹಿಡಿದ ಲೆಕ್ಕ ಬಹಳ ದೂರವೇನೂ ಇಲ್ಲ.

ಮನಸ್ಸಿಲ್ಲದೆ ಮಾಡುವುದು ಹೇಗೆ ಎಂದು ಕೇಳಬಹುದು. ಖಿನ್ನತೆಗೆ ಚಿಕಿತ್ಸೆ ಕೊಡುವವರು ಈ ಕ್ರಮವನ್ನೇ ತಿರುಗಿಸುತ್ತಾರೆ: ಮೊದಲು ಕೆಲಸ, ಮನಸ್ಸು ಅದರ ಹಿಂದೆ ಬರುತ್ತದೆ. ಒಲೆಗೆ ಮೊದಲು ಊದಬೇಕು, ಉರಿ ಆಮೇಲೆ. ಹಸಿ ಸೌದೆಯಾದರೆ ಹೊಗೆ ಕುಡಿದು ಇನ್ನಷ್ಟು ಊದಬೇಕು.

ಗೂಟಗಳ ನಡುವೆ ತುಡಿತ ಬರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ತುಡಿತವನ್ನು ಅಲೆಗೆ ಹೋಲಿಸಿದರು. ಅದು ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಅದರ ಜೋರು ಮುಗಿಯುತ್ತದೆ. ಅದರೊಂದಿಗೆ ಕುಸ್ತಿಗಿಳಿಯದೆ ಕಳೆಯುವವರೆಗೆ ಬೇರೆ ಏನಾದರೂ ಮಾಡುತ್ತಿರಬೇಕು ಎಂಬುದು ಅವರ ವಿಧಾನ. ಆ ಹೊತ್ತಿಗೆ ನಾಲ್ಕು ಪ್ರಶ್ನೆ ಕೇಳಿಕೊಳ್ಳುವ ಹಳೆಯ ರೂಢಿಯೂ ಇದೆ: ಹಸಿವೆಯೇ, ಸಿಟ್ಟೇ, ಒಂಟಿತನವೇ, ದಣಿವೇ? ಬಹಳ ಸಲ ಉತ್ತರ ಮೊದಲನೆಯದೇ ಆಗಿರುತ್ತದೆ. ಎರಡು ಅಕ್ಕಿರೊಟ್ಟಿ ಹೊಟ್ಟೆ ಸೇರಿದರೆ ತುಡಿತದ ಅರ್ಧ ಸೊಕ್ಕು ಇಳಿಯುತ್ತದೆ.

ಯಾರಿಗಾದರೂ ಬೇಕಾಗುವುದು

ಬದುಕಿಗೊಂದು ಗುರಿ ಇರಬೇಕು ಎನ್ನುವುದನ್ನು ಬಿಟ್ಟವರು ಎಲ್ಲ ಭಾಷಣಗಳಲ್ಲೂ ಕೇಳಿರುತ್ತಾರೆ. ಗುರಿ ಎಂದರೆ ಏನೋ ದೊಡ್ಡದು, ತನ್ನಂಥವನಿಗೆ ಎಟುಕದ್ದು ಎಂದು ಹೆದರಿಯೂ ಇರುತ್ತಾರೆ. ಮೊದಲ ತಿಂಗಳುಗಳಿಗೆ ಅಷ್ಟು ದೊಡ್ಡದೇನೂ ಬೇಕಿಲ್ಲ. ಇಂಥ ಹೊತ್ತಿಗೆ ನಾನು ಹೋಗದಿದ್ದರೆ ಒಂದು ಜೀವಕ್ಕೆ ತೊಂದರೆಯಾಗುತ್ತದೆ ಎನ್ನುವಂಥ ಒಂದು ಕೆಲಸ ಇದ್ದರೆ ಸಾಕು.

ಆ ಕೊನೆಗಾರರಿಗೆ ಸಿಕ್ಕಿದ್ದು ಹಾಲಿನ ಕ್ಯಾನು. ಮನೆಯಲ್ಲಿ ಎರಡು ಹಸುಗಳಿದ್ದವು. ಕರೆದು ಡೈರಿಗೆ ಹಾಕುವುದು ಅದುವರೆಗೆ ಹೆಂಡತಿಯ ಕೆಲಸ. ನಮ್ಮ ಹಳ್ಳಿಗಳಲ್ಲಿ ಡೈರಿ ಎಂದರೆ ಶಿಮುಲ್‌ಗೆ, ಅಂದರೆ ಶಿವಮೊಗ್ಗ ಹಾಲು ಒಕ್ಕೂಟಕ್ಕೆ ಹಾಲು ಕಳಿಸುವ ಊರಿನ ಸಹಕಾರ ಸಂಘ. ಬೆಳಿಗ್ಗೆ ಒಂದು ಸರತಿ, ಸಂಜೆ ಒಂದು ಸರತಿ. ಸಂಜೆಯ ಸರತಿ ಸರಿಯಾಗಿ ಆ ಗಂಡಾಂತರದ ಹೊತ್ತಿಗೇ ಬೀಳುತ್ತದೆ. ಐದಕ್ಕೆ ಹಸು ಕೂಗುತ್ತದೆ; ಕೆಚ್ಚಲು ತುಂಬಿದ ಹಸುವಿಗೆ ಇವತ್ತು ಮನಸ್ಸಿಲ್ಲ ಎಂದು ಹೇಳಿ ನಡೆಯುವುದಿಲ್ಲ. ಕರೆದು, ಕ್ಯಾನಿಗೆ ಸೋಸಿ, ಮುಕ್ಕಾಲು ಮೈಲಿ ನಡೆದು ಸಾಲಿನಲ್ಲಿ ನಿಂತು, ಹಾಲು ಅಳೆಸಿ, ಫ್ಯಾಟ್ ಎಷ್ಟು ಬಂತೆಂದು ಇಣುಕಿ ನೋಡಿ, ಪುಸ್ತಕದಲ್ಲಿ ಬರೆಸಿಕೊಂಡು ಮನೆಗೆ ಬಂದರೆ ಏಳೂವರೆ. ಸಾಲಿನಲ್ಲಿ ನಿಂತವರ ಜೊತೆ ನಾಲ್ಕು ಮಾತು. ಮೊದಮೊದಲು ಆ ಮಾತೇ ಕಷ್ಟವಾಗಿತ್ತು ಎಂದಿದ್ದರು ಅವರು, ಕುಡಿಯದೆ ಮಾತಾಡುವುದು ಮರೆತೇ ಹೋಗಿತ್ತಂತೆ. ಹಿಂದಿನ ವಾರಕ್ಕಿಂತ ಫ್ಯಾಟ್ ಒಂದು ಚೂರು ಹೆಚ್ಚಿದ ದಿನ ಅದನ್ನು ಹೆಂಡತಿಗೆ ಹೇಳಲು ಬೇಗ ಬೇಗ ನಡೆದು ಬಂದರಂತೆ. ಹನಿಯ ಸದ್ದು ಕೇಳಲು ಶುರುವಾಗುವುದೆಂದರೆ ಇದು.

ಹಸು ಎಲ್ಲರಿಗೂ ಇರುವುದಿಲ್ಲ. ಶಿವಮೊಗ್ಗ ಪೇಟೆಯಲ್ಲಿ ಬಾಡಿಗೆ ಮನೆಯಲ್ಲಿರುವವರಿಗೆ ಮಗಳನ್ನು ಟ್ಯೂಷನ್ನಿನಿಂದ ಕರೆತರುವುದು ಆ ಕೆಲಸವಾಗಬಹುದು, ತುಂಗೆಯ ದಂಡೆಯಲ್ಲಿ ಗೆಳೆಯರೊಬ್ಬರ ಜೊತೆ ಮಾತು ಕೊಟ್ಟು ನಡೆಯುವುದಾಗಬಹುದು. ಅದಕ್ಕೆ ಬೇಕಾದ ಲಕ್ಷಣ ಮೂರೇ: ನಿಗದಿತ ಹೊತ್ತು, ಕಾಯುವ ಇನ್ನೊಂದು ಜೀವ, ಬಾರ್ ಇಲ್ಲದ ದಾರಿ. ಮೂರನೆಯದನ್ನು ನಗೆಯಾಡಬೇಡಿ. ಮನೆಗೆ ಬರುವ ದಾರಿಯನ್ನು ಅರ್ಧ ಕಿಲೋಮೀಟರ್ ಸುತ್ತಾದರೂ ಬದಲಿಸಿಕೊಂಡು ಉಳಿದವರಿದ್ದಾರೆ.

ತಕ್ಕಡಿ ಇನ್ನೊಂದು ಕಡೆಗೆ ವಾಲಿದಾಗ

ಬಿಟ್ಟವರಲ್ಲಿ ಕೆಲವರು ಒಮ್ಮೆಲೇ ಎಲ್ಲವನ್ನೂ ಸರಿಪಡಿಸಲು ಹೊರಡುತ್ತಾರೆ. ಹತ್ತು ವರ್ಷದ ಸಾಲವನ್ನು ಹತ್ತು ತಿಂಗಳಲ್ಲಿ ತೀರಿಸಬೇಕು, ಪಾಳು ಬಿದ್ದ ಗದ್ದೆಯನ್ನು ಈ ಮಳೆಗೇ ಹೂಡಬೇಕು, ಜಗಳವಾಡಿದ ಅಣ್ಣತಮ್ಮಂದಿರನ್ನೆಲ್ಲ ಒಂದೇ ವಾರದಲ್ಲಿ ಮಾತಾಡಿಸಬೇಕು. ಹದಿನಾಲ್ಕು ಗಂಟೆ ದುಡಿದು ಬಂದ ಆ ದಣಿವೇ ತುಡಿತಕ್ಕೆ ಬಾಗಿಲು. ಮೊದಲ ವರ್ಷ ದೊಡ್ಡ ತೀರ್ಮಾನಗಳನ್ನು, ಅಂದರೆ ಜಾಗ ಮಾರುವುದು, ಪಾಲಾಗುವುದು, ಹೊಸ ಸಾಲ ಮಾಡಿ ವ್ಯಾಪಾರ ಹೂಡುವುದನ್ನು ಮುಂದೂಡುವುದು ಒಳ್ಳೆಯದೆಂದು ಸಲಹೆಗಾರರು ಹೇಳುವುದು ಇದೇ ಕಾರಣಕ್ಕೆ.

ಇನ್ನು ಕೆಲವರು ಬಾಟಲಿ ಇಟ್ಟ ಕೈಯಲ್ಲಿ ಗುಟ್ಕಾ ಹಿಡಿಯುತ್ತಾರೆ, ಎಲೆಯಡಿಕೆಗೆ ಹೊಗೆಸೊಪ್ಪು ಹೆಚ್ಚಿಸುತ್ತಾರೆ. ಅಡಿಕೆಯ ಸೀಮೆಯಲ್ಲಿ ಇದನ್ನು ಬರೆಯುವುದು ಇರುಸುಮುರುಸು, ಆದರೂ ಬರೆಯಬೇಕು: ಮದ್ಯ, ಹೊಗೆಸೊಪ್ಪು ಎರಡೂ ಬಾಯಿ ಕ್ಯಾನ್ಸರಿಗೆ ಕಾರಣ, ಒಂದನ್ನು ಬಿಟ್ಟು ಇನ್ನೊಂದಕ್ಕೆ ಜಿಗಿಯುವುದು ಲಾಭದ ವ್ಯವಹಾರವಲ್ಲ.

ಮನೆಯವರ ಪಾಲು

ಗಂಡ ಕುಡಿಯುತ್ತಿದ್ದ ವರ್ಷಗಳಲ್ಲಿ ಮನೆ ತಾನಾಗಿ ನಡೆದಿರುವುದಿಲ್ಲ. ಸ್ವಸಹಾಯ ಸಂಘದ ಕಂತು ಕಟ್ಟಿದ್ದು, ಶಾಲೆಯಲ್ಲಿ ಸಹಿ ಹಾಕಿದ್ದು, ಅಡಿಕೆ ವ್ಯಾಪಾರಿಯ ಜೊತೆ ಧಾರಣೆ ಚೌಕಾಸಿ ಮಾಡಿದ್ದು ಹೆಂಡತಿ. ಬಿಟ್ಟವನು ಮೂರನೆಯ ವಾರಕ್ಕೆ ಯಜಮಾನಿಕೆ ಕೇಳುತ್ತಾನೆ. ಅವಳು ಕೊಡುವುದಿಲ್ಲ, ಕೊಡಲು ಧೈರ್ಯ ಬರುವುದಿಲ್ಲ. ಈ ಜಗಳ ಬಹಳ ಮನೆಗಳಲ್ಲಿ ನಡೆಯುತ್ತದೆ, ಇದರಲ್ಲಿ ಇಬ್ಬರದೂ ತಪ್ಪಿಲ್ಲ. ಹಾಲಿನ ಲೆಕ್ಕ ಅವನದು, ಅಡಿಕೆ ಲೆಕ್ಕ ಸದ್ಯಕ್ಕೆ ಅವಳದು ಎಂಬಂಥ ಸಣ್ಣ ಹಂಚಿಕೆಯಿಂದ ಶುರು ಮಾಡಬಹುದು. ಮೊದಲೆಲ್ಲ ಕೂಲಿಯ ನಗದು ಹೆಂಡತಿಯ ಕೈಗೆ ಹೋದರೆ ಸಾಕಿತ್ತು. ಈಗ ಮೊಬೈಲಿನಿಂದಲೇ ಹಣ ಕೊಡಬಹುದಾದ್ದರಿಂದ ಆ ಖಾತೆಯ ಬಗ್ಗೆಯೂ ಇಬ್ಬರೂ ಕೂತು ಮಾತಾಡಬೇಕು.

ದಿನವೂ ಬಾಯಿ ಮೂಸಿ ನೋಡುವುದು, ನೆಂಟರೆದುರು ಹಳೆಯದನ್ನು ಎತ್ತಾಡುವುದು ಸಹಾಯ ಮಾಡುವುದಿಲ್ಲ. ಒಂದು ವಿಷಯದಲ್ಲಂತೂ ಖಡಾಖಂಡಿತ ಹೇಳಬೇಕು: ಗಂಡನಿಗೆ ತಿಳಿಯದಂತೆ ಸಾರಿಗೆ ಬೆರೆಸಿ ಕೊಡುವ ಕುಡಿತ ಬಿಡಿಸುವ ಪುಡಿಗಳು. ಡೈಸಲ್ಫಿರಾಮ್ ಎಂಬ ಔಷಧ ನಿಜವಾಗಿಯೂ ಇದೆ. ಅದು ಯಕೃತ್ತಿನಲ್ಲಿ ಮದ್ಯ ಕರಗುವ ದಾರಿಯನ್ನು ಅರ್ಧದಲ್ಲಿ ತಡೆಯುತ್ತದೆ. ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ವೈದ್ಯರು ಪರೀಕ್ಷಿಸಿ, ಸೇವಿಸುವವರಿಗೆ ತಿಳಿಸಿ, ಒಪ್ಪಿಸಿಯೇ ಕೊಡುವ ಔಷಧ ಅದು. ಗುಟ್ಟಾಗಿ ಕೊಡುವಂಥದ್ದಲ್ಲ.

ಕುಡಿಯುವ ಹೆಂಗಸರ ಬಗ್ಗೆ ಶಿಬಿರಗಳಲ್ಲೂ ಮಾತಿಲ್ಲ, ಮನೆಗಳಲ್ಲೂ ಇಲ್ಲ. ಅವರಿಗೂ ಮೇಲಿನ ಎಲ್ಲವೂ ಅನ್ವಯಿಸುತ್ತದೆ, ಜೊತೆಗೆ ನಾಚಿಕೆಯ ಹೊರೆ ಇಮ್ಮಡಿ.

ಮಳೆ, ಮದುವೆ, ಕೊಯ್ಲು

ಮಲೆನಾಡಿನ ವರ್ಷಕ್ಕೆ ತನ್ನದೇ ಜಾರುಬಂಡೆಗಳಿವೆ. ಆರಿದ್ರೆ, ಪುನರ್ವಸು ಹಿಡಿದು ಸುರಿಯಲು ಶುರುವಾದರೆ ವಾರಗಟ್ಟಲೆ ಕರೆಂಟಿಲ್ಲ, ಕೆಲಸವಿಲ್ಲ, ಚಳಿ. ಮಳೆಗೆ ಒಂದು ಹಾಕಿದರೆ ಮೈ ಬೆಚ್ಚಗಾಗುತ್ತದೆ ಎಂಬ ಮಾತು ಆಗ ಎಲ್ಲರ ಬಾಯಲ್ಲೂ. ನಿಜವಾಗಿ ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಬೆಚ್ಚಗಾದಂತೆ ಅನ್ನಿಸುವಾಗಲೇ ಒಳಗಿನ ಬಿಸಿ ಹೊರಗೆ ಹೋಗುತ್ತಿರುತ್ತದೆ. ಕಾಳುಮೆಣಸಿನ ಕಷಾಯಕ್ಕೆ ಈ ತೊಂದರೆಯಿಲ್ಲ. ಮಳೆಗಾಲದ ಸಂಜೆಗಳಿಗೆ ನಮ್ಮವರು ಕಂಡುಕೊಂಡಿದ್ದ ಉಪಾಯ ತಾಳಮದ್ದಳೆ. ವೇಷವಿಲ್ಲ, ಗೆಜ್ಜೆಯಿಲ್ಲ, ಜಗಲಿಯ ಮೇಲೆ ಕುಳಿತು ಮಾತಿನಲ್ಲೇ ಯುದ್ಧ. ಅರ್ಥ ಹೇಳಲು ಬಾರದವರು ಕೇಳಲು ಕೂತರೂ ಹತ್ತು ಗಂಟೆ ದಾಟುತ್ತದೆ.

ಮಳೆ ಹೋಗಿ ಕೊಯ್ಲು ಬರುತ್ತದೆ. ರಾತ್ರಿ ಹಂಡೆಯಲ್ಲಿ ಅಡಿಕೆ ಬೇಯುತ್ತಿರುತ್ತದೆ, ಅಂಗಳದಲ್ಲಿ ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಸುಲಿಯುವವರು, ಚೊಗರಿಗೆ ಕಪ್ಪಾದ ಬೆರಳುಗಳು, ತಮಾಷೆ, ಹಾಡು. ಕೈಯಲ್ಲಿ ದಿನವೂ ದುಡ್ಡು. ಗುಡಿಯ ಹಿಂದೆ ಬಾ ಎಂದು ಕರೆಯುವವರೂ ಆಗಲೇ. ಬೇಡ ಎನ್ನಲು ಒಂದೇ ವಾಕ್ಯವನ್ನು ಮೊದಲೇ ತಯಾರು ಮಾಡಿಟ್ಟುಕೊಳ್ಳಬೇಕು. ಮಾತ್ರೆ ನಡೆಯುತ್ತಿದೆ ಎಂದರೂ ಆಯಿತು, ಬಿಟ್ಟಿದ್ದೇನೆ ಎಂದರೂ ಆಯಿತು. ಏಕೆ ಬಿಟ್ಟೆ ಎಂಬ ಚರ್ಚೆಗೆ ಇಳಿದರೆ ಸೋಲುವುದು ಬಿಟ್ಟವರೇ. ಮದುವೆ ಮನೆಯಲ್ಲಿ ಕೈಯಲ್ಲೊಂದು ಮಜ್ಜಿಗೆ ಲೋಟ ಇದ್ದರೆ ಇನ್ನೊಂದು ಲೋಟ ಕೊಡಲು ಯಾರಿಗೂ ನೆನಪಾಗುವುದಿಲ್ಲ. ಮೊದಲ ವರ್ಷ ಕೆಲವು ಮದುವೆಗಳಿಗೆ ಹೋಗದಿದ್ದರೂ ಸಂಬಂಧವೇನೂ ಹರಿಯುವುದಿಲ್ಲ.

ಜಾರಿದರೆ

ಬಹಳ ಜನ ಒಮ್ಮೆಯಾದರೂ ಜಾರುತ್ತಾರೆ. ಜಾರುವುದೂ ಬೀಳುವುದೂ ಒಂದೇ ಅಲ್ಲ. ಒಂದು ಸಂಜೆ ಕುಡಿದವನು, ಇನ್ನೇನು, ವ್ರತ ಕೆಟ್ಟಿತು, ಪೂರ್ತಿ ಕೆಡಲಿ ಎಂದು ಮರುದಿನವೂ ಕುಡಿಯುತ್ತಾನೆ. ಮಾರ್ಲಾಟ್ ಗುರುತಿಸಿದ ಇನ್ನೊಂದು ಸಂಗತಿ ಇದು: ಒಂದು ಗ್ಲಾಸಿಗಿಂತ ಅದರ ನಂತರದ ಪಾಪಪ್ರಜ್ಞೆಯೇ ಹೆಚ್ಚು ಜನರನ್ನು ಹಳೆಯ ಜಾಗಕ್ಕೆ ತಳ್ಳುತ್ತದೆ. ಹರಕೆ ಕಟ್ಟಿಕೊಂಡು ಬಿಟ್ಟವರಲ್ಲಿ ಈ ಪೆಟ್ಟು ಇನ್ನೂ ಜೋರು. ಇನ್ನೊಂದು ಅಪಾಯವೂ ಇದೆ. ಬಿಟ್ಟ ಕಾಲದಲ್ಲಿ ದೇಹ ತಾಳಿಕೊಳ್ಳುವ ಪ್ರಮಾಣ ಇಳಿದಿರುತ್ತದೆ. ಹಳೆಯ ಅಳತೆಯಲ್ಲೇ ಕುಡಿದರೆ ಅದು ವಿಷವಾದೀತು.

ಜಾರಿದ ಮರುದಿನ ಮಾಡಬೇಕಾದ್ದು ಲೆಕ್ಕ ಬರೆಯುವ ಕೆಲಸ: ಎಲ್ಲಿ, ಯಾರ ಜೊತೆ, ಅದಕ್ಕೆ ಮೊದಲು ಏನಾಯಿತು, ಹೊಟ್ಟೆಯಲ್ಲಿ ಏನಿತ್ತು. ನಮ್ಮ ಕೊನೆಗಾರರು 40 ದಿನ ಕಳೆದ ಮೇಲೆ ಒಂದು ಶನಿವಾರ ಜಾರಿದರು. ಕಾರಣ ಹುಡುಕಿದಾಗ ಸಿಕ್ಕಿದ್ದು ಇಷ್ಟು: ಹಸು ಬತ್ತಿತ್ತು. ಎರಡನೆಯ ಹಸುವಿನ ಹಾಲು ಮನೆಗೇ ಸರಿಹೋಗುತ್ತಿತ್ತು. ಡೈರಿಗೆ ಹೋಗುವುದು ನಿಂತು ನಾಲ್ಕು ದಿನವಾಗಿತ್ತು.

ಯಾರನ್ನು ಕೇಳುವುದು

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡು ಇದೆ; ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯರನ್ನು ಕೇಳಿ ಹೊರಡುವುದು ವಾಸಿ. ಮನೋವೈದ್ಯರ ಬಳಿ ಹೋದವರನ್ನು ಹುಚ್ಚರೆನ್ನುವ ಕಾಲ ಈ ಊರಿನಲ್ಲಿ ಬೇಗ ಹಿಂದೆ ಸರಿದಿದ್ದರೆ ಅದರಲ್ಲಿ 2016ರಲ್ಲಿ ತೀರಿಕೊಂಡ ಮನೋವೈದ್ಯ ಡಾ. ಅಶೋಕ್ ಪೈ ಅವರ ದುಡಿಮೆಯ ಪಾಲು ದೊಡ್ಡದು.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಶಿಬಿರ ಮುಗಿಸಿದವರಿಗೆ ಊರಿನಲ್ಲಿ ನವಜೀವನ ಸಮಿತಿ ಇರುತ್ತದೆ, ಅಲ್ಲಿ ಬಿಟ್ಟವರೇ ಬಿಟ್ಟವರನ್ನು ಕಾಯುತ್ತಾರೆ. 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಮಾತಾಡಿಕೊಂಡು ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ನಡೆಯುವುದೂ ಇದೇ ತತ್ವದ ಮೇಲೆ. ಅಲ್ಲಿ ಹೆಸರು ಹೇಳಬೇಕಿಲ್ಲ, ಫೀಸು ಕೊಡಬೇಕಿಲ್ಲ, ಜೀವಮಾನವಿಡೀ ಕುಡಿಯುವುದಿಲ್ಲ ಎಂದು ಆಣೆ ಇಡಬೇಕಿಲ್ಲ. ಇವತ್ತೊಂದು ದಿನ ಎಂದರೆ ಸಾಕು.

ಫೋನಿನಲ್ಲೇ ಕೇಳಬೇಕೆಂದರೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಮನಸ್ಸಿನ ತೊಂದರೆಗಳಿಗೆ ಟೆಲಿ ಮಾನಸ್ 14416, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಎರಡಕ್ಕೂ ದುಡ್ಡಿಲ್ಲ. ಕುಡಿಯುವವರೇ ಕರೆ ಮಾಡಬೇಕೆಂದೂ ಇಲ್ಲ; ಹೆಂಡತಿ, ಮಗ, ಪಕ್ಕದ ಮನೆಯವರು ಯಾರು ಮಾಡಿದರೂ ಉತ್ತರ ಸಿಗುತ್ತದೆ. ಮಳೆಗಾಲದಲ್ಲಿ ನೆಟ್‌ವರ್ಕ್ ಸಿಗುವ ಗುಡ್ಡ ಯಾವುದೆಂದು ಮಾತ್ರ ಮೊದಲೇ ನೋಡಿಟ್ಟುಕೊಂಡಿರಿ.